ಒಂದು ಕಾಗದ ಸಾಕು ಎಂದಿದ್ದೆ

ಹೋದ ತಿಂಗಳು ಬಾಗಲಕೋಟೆಯ ಪೇಟೆಯಲ್ಲಿ ಕೈಗಡಿಯಾರಕ್ಕೆ ಹೊಸ ಪಟ್ಟಿ ಹಾಕಿಸಲು ಒಂದು ಸಣ್ಣ ಅಂಗಡಿಯ ಮುಂದೆ ನಿಂತಿದ್ದೆ. ಅಂಗಡಿಯವನು ಪುಟ್ಟ ಬಟ್ಟಲಿಗೆ ಪೆಟ್ರೋಲು ಸುರಿದು ಯಾರದೋ ಹಳೆಯ ಗಡಿಯಾರದ ಹಲ್ಲಿನ ಚಕ್ರಗಳನ್ನು ತೊಳೆಯುತ್ತಿದ್ದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಇಳಕಲ್ಲಿನ ಒಂದು ಮನೆಯ ಪಡಸಾಲೆ ಕಣ್ಣ ಮುಂದೆ ಬಂದು ನಿಂತಿತು. ಪಟ್ಟಿ ಹಾಕಿಸದೆ ಮನೆಗೆ ಬಂದುಬಿಟ್ಟೆ. ಜೀವಮಾನವೆಲ್ಲ ಭೌತಶಾಸ್ತ್ರ ಕಲಿಸಿ ನಿವೃತ್ತಳಾದ ಹೆಂಗಸು ಪೆಟ್ರೋಲಿನ ವಾಸನೆಗೆ ಹೆದರುತ್ತಾಳೆ ಎಂದರೆ ಮಂದಿ ನಕ್ಕಾರು. ಅದಕ್ಕೇ ಇದುವರೆಗೆ ಯಾರಿಗೂ ಹೇಳಿರಲಿಲ್ಲ. ಹೇಳದೆ ಇರುವುದರಲ್ಲಿ ನಾನು ಮೊದಲಿನಿಂದಲೂ ಗಟ್ಟಿಗಿತ್ತಿ.

ಅದು ಎಪ್ಪತ್ತೇಳನೆಯ ಇಸವಿ. ನನಗಾಗ ಇಪ್ಪತ್ಮೂರು. ಎಂ.ಎಸ್ಸಿ. ಮುಗಿಸಿದ ಹೊಸದರಲ್ಲಿ ಇಳಕಲ್ಲಿನ ಒಂದು ಕಾಲೇಜಿನಲ್ಲಿ ಒಂದು ವರ್ಷದ ಮಟ್ಟಿಗೆ ಕೆಲಸ ಸಿಕ್ಕಿತ್ತು. ಜೂನ್ ತಿಂಗಳ ಗಾಳಿ ಕೆಂಪು ಧೂಳನ್ನು ಎತ್ತಿ ಎತ್ತಿ ಒಗೆಯುತ್ತಿದ್ದ ಒಂದು ಮಧ್ಯಾಹ್ನ, ಟ್ರಂಕು ಹೊತ್ತುಕೊಂಡು ಗೌರಕ್ಕನ ಮನೆಗೆ ಬಂದು ಇಳಿದೆ. ಹಿಂದಿನ ಕೋಣೆ ನನಗೆ ಬಾಡಿಗೆಗೆ ಕೊಟ್ಟಿದ್ದರು. ಮುಂದಿನ ಪಡಸಾಲೆಯಲ್ಲಿ ನೆಲಕ್ಕೆ ಕುಣಿ ತೋಡಿ ಹೂಡಿದ ಕೈಮಗ್ಗ. ಅದರಲ್ಲಿ ಗೌರಕ್ಕ ಸೀರೆ ನೇಯುತ್ತಿದ್ದಳು. ಬಾಗಿಲ ಪಕ್ಕದ ಮೇಜಿನ ಮುಂದೆ ಅವಳ ಗಂಡ ಸಂಗಪ್ಪಣ್ಣ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಪೆಟ್ರೋಲಿನಲ್ಲಿ ಚಕ್ರ ತೊಳೆಯುತ್ತ ಗಡಿಯಾರ ರಿಪೇರಿ ಮಾಡುತ್ತಿದ್ದ. ಒಂದು ಕಡೆ ಮಗ್ಗದ ಲಟಪಟ, ಇನ್ನೊಂದು ಕಡೆ ಹತ್ತಾರು ಗಡಿಯಾರಗಳ ಟಿಕ್ ಟಿಕ್. ಮೊದಲ ವಾರ ತಲೆ ಚಿಟ್ಟು ಹಿಡಿದಿತ್ತು, ಆಮೇಲೆ ರಜೆಗೆ ಊರಿಗೆ ಹೋದರೆ ಆ ಸದ್ದಿಲ್ಲದೆ ನಿದ್ದೆ ಬರುತ್ತಿರಲಿಲ್ಲ.

ಸಂಗಪ್ಪಣ್ಣನೂ ಮೊದಲು ನೇಕಾರನೇ. ವರ್ಷಗಟ್ಟಲೆ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ಮೊಣಕಾಲು ಹಿಡಿದ ಮೇಲೆ ಮಗ್ಗವನ್ನು ಹೆಂಡತಿಗೆ ಬಿಟ್ಟುಕೊಟ್ಟು, ಮುಂಬಯಿಯ ಸೋದರಮಾವನ ಹತ್ತಿರ ಕೆಲವು ತಿಂಗಳಿದ್ದು ಗಡಿಯಾರದ ಕೆಲಸ ಕಲಿತು ಬಂದಿದ್ದ. ಅವನ ಹೆಸರು ಹುನಗುಂದ, ಕಮತಗಿ, ಬಾದಾಮಿಯವರೆಗೂ ಹೋಗಿತ್ತು. ರಿಪೇರಿಯಿಂದಲ್ಲ, ಬಣ್ಣದಿಂದ. ಮಾವನು ಕೊಟ್ಟ ಒಂದು ಕಂದು ಸೀಸೆಯಲ್ಲಿ ಹಳೆಯ ರೇಡಿಯಂ ಪುಡಿ ಇತ್ತು. ಅದನ್ನು ಅಂಟಿನಲ್ಲಿ ಕಲಸಿ, ಮಾಸಿಹೋದ ಅಂಕಿಗಳಿಗೂ ಮುಳ್ಳುಗಳಿಗೂ ಹೊಸದಾಗಿ ಹಚ್ಚಿ, ಕತ್ತಲೆಯಲ್ಲಿ ಹಸಿರಾಗಿ ಹೊಳೆಯುವ ಹಾಗೆ ಮಾಡಿಕೊಡುತ್ತಿದ್ದ. ಮದುವೆಗೆ ಕೊಟ್ಟ ಗಡಿಯಾರ ಹೊಳೆಯದಿದ್ದರೆ ಬೀಗರ ಮುಖವೂ ಹೊಳೆಯುವುದಿಲ್ಲ ಎಂದು ತಮಾಷೆ ಮಾಡುತ್ತಿದ್ದ. ಸೊಂಟದಲ್ಲಿ ಎಲೆ, ಅಡಿಕೆ, ತಂಬಾಕಿನ ಬಟ್ಟೆಯ ಚಂಚಿ. ಅದಿಲ್ಲದೆ ಅವನು ಕೆಲಸಕ್ಕೆ ಕೂತವನಲ್ಲ.

ಇಳಕಲ್ಲಿನ ನೇಕಾರರ ಕೈಗೆ ಒಂದು ರೂಢಿಯಿದೆ. ಸೀರೆಯ ಒಡಲಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಜೋಡಿಸುವಾಗ ತುದಿ ಕೆದರಿ ನಿಂತರೆ, ಅದನ್ನು ತುಟಿಗೆ ಹಚ್ಚಿ ಒದ್ದೆ ಮಾಡಿ ಚೂಪಾಗಿ ಹೊಸೆಯುತ್ತಾರೆ. ಹುಟ್ಟಿದಾಗಿನಿಂದ ನೋಡಿದ್ದು, ಮಾಡಿದ್ದು. ಮಾಡುತ್ತಿದ್ದೇವೆಂಬುದೇ ಗೊತ್ತಾಗದಷ್ಟು ಸಹಜ. ಸಂಗಪ್ಪಣ್ಣ ಮಗ್ಗ ಬಿಟ್ಟರೂ ಆ ರೂಢಿ ಅವನನ್ನು ಬಿಟ್ಟಿರಲಿಲ್ಲ. ಬಣ್ಣ ಹಚ್ಚುವ ಸಣ್ಣ ಬ್ರಶ್ಶಿನ ಕೂದಲು ಅಗಲವಾದಾಗೊಮ್ಮೆ ತುಟಿಗೆ ಹಚ್ಚಿ, ಸೂಜಿಯಂತೆ ಮಾಡಿಕೊಂಡು ಮತ್ತೆ ಬಣ್ಣಕ್ಕೆ ಅದ್ದುತ್ತಿದ್ದ. ಒಂದು ಅಂಕಿಗೆ ಒಂದು ಸಲ.

ಗೌರಕ್ಕನಿಗೆ ಅದು ಸರಿಬಂದಿರಲಿಲ್ಲ. "ದೀಪ ಆರಿಸಿದ ಮ್ಯಾಲ ಇವರ ತುಟಿ ಮಿಣಕ್ ಮಿಣಕ್ ಅಂತಿದ್ದುವ್ರಿ ಅಕ್ಕಾರ. ನನಗ ನೋಡಿದ್ರ ಎದಿ ಝಲ್ ಅಂತಿತ್ತು" ಎಂದು ನನ್ನ ಹತ್ತಿರ ಹೇಳಿಕೊಂಡಿದ್ದಳು. ಜಗಳ ಮಾಡಿ ಮಾಡಿ, ಕೊನೆಗೆ ಒಂದು ಬಟ್ಟಲಲ್ಲಿ ಹಸಿ ಅರಿವೆ ಇಟ್ಟು, ಬ್ರಶ್ಶಿನ ತುದಿಯನ್ನು ಅದಕ್ಕೇ ಒರೆಸಬೇಕೆಂದು ಆಣೆ ಹಾಕಿಸಿದ್ದಳು. ನಾನು ಆ ಮನೆಗೆ ಬಂದ ಮಳೆಗಾಲದಲ್ಲಿ ಸಂಗಪ್ಪಣ್ಣ ಗೊಣಗುತ್ತಲೇ ಅರಿವೆಗೆ ಒರೆಸುತ್ತಿದ್ದ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಮುಂದೆ ಕೆಡಿಸಿದವಳು ನಾನು.

ಸೆಪ್ಟೆಂಬರಿನಲ್ಲಿ ತರಗತಿಯಲ್ಲಿ ಪರಮಾಣುವಿನ ಪಾಠ ಬಂತು. ಆಲ್ಫಾ ಕಣ ಎಂದರೆ ಹೀಲಿಯಂ ಪರಮಾಣುವಿನ ಬೀಜ, ಎರಡು ಪ್ರೋಟಾನು ಎರಡು ನ್ಯೂಟ್ರಾನು ಎಂದು ಕರಿಹಲಗೆಯ ಮೇಲೆ ಬರೆದೆ. ಹುಡುಗರು ಬರೆದುಕೊಂಡು ಆಕಳಿಸಿದರು. ಪ್ರಯೋಗಶಾಲೆಯಲ್ಲಿ ಎರಡು ಮುರುಕು ಲೋಲಕ ಬಿಟ್ಟರೆ ತೋರಿಸಲು ಏನೂ ಇರಲಿಲ್ಲ. ಆಗ ಹೊಳೆಯಿತು, ನಾನಿರುವ ಮನೆಯಲ್ಲೇ ರೇಡಿಯಂ ಇದೆಯಲ್ಲ ಎಂದು.

ಸಂಗಪ್ಪಣ್ಣನ ಬಳಿ ಇನ್ನೊಂದು ಪುಡಿಯೂ ಇತ್ತು. ಅದರಲ್ಲಿ ರೇಡಿಯಂ ಇಲ್ಲ. ಬಿಸಿಲು ಕುಡಿದು ಸ್ವಲ್ಪ ಹೊತ್ತು ಹೊಳೆದು ಆರಿಹೋಗುವ ಬರೀ ಗಂಧಕ-ಸತುವಿನ ಪುಡಿ. ಅದನ್ನು ಗಾಜಿನ ಪಟ್ಟಿಯ ಮೇಲೆ ಅಂಟಿನಿಂದ ಹರವಿ, ತನ್ನ ಬೆಳಕನ್ನೆಲ್ಲ ಮರೆಯಲಿ ಎಂದು ಮೂರು ದಿನ ಕತ್ತಲೆಯ ಡಬ್ಬಿಯಲ್ಲಿಟ್ಟೆ. ಒಂದು ರವಿವಾರ ಮಧ್ಯಾಹ್ನ ಪಡಸಾಲೆಯ ಬಾಗಿಲು, ಮಾಳಿಗೆಯ ಬೆಳಕಿಂಡಿ ಮುಚ್ಚಿ, ಮೂವರೂ ಎರಡು ಕಂಬಳಿ ಹೊದ್ದು ಕೂತೆವು. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಕಾಲು ತಾಸು ಬೇಕು. ಬೆವರಿಳಿಯುತ್ತಿತ್ತು. ಗೌರಕ್ಕ ಹೂಂ, ಮುಗೀತೇನು ಎಂದು ಮೂರು ಸಲ ಕೇಳಿದಳು. ಆಮೇಲೆ ಗಾಜಿನ ಪಟ್ಟಿಯ ಹತ್ತಿರಕ್ಕೆ ರೇಡಿಯಂ ಬಳಿದ ಒಂದು ಹಳೆಯ ಮುಳ್ಳನ್ನು ಹಿಡಿದು, ಭೂತಗನ್ನಡಿಯನ್ನು ಸಂಗಪ್ಪಣ್ಣನ ಕೈಗೆ ಕೊಟ್ಟೆ.

ಅವನು ನೋಡಿದ. "ಅಕ್ಕಾರ, ಇದರಾಗ ಚುಕ್ಕಿ ಕುದಿಯಾಕತ್ತಾವ್ರಿ" ಎಂದ.

"ಒಂದೊಂದು ಚುಕ್ಕಿ ಒಂದೊಂದು ಕಣ, ಸಂಗಪ್ಪಣ್ಣ. ರೇಡಿಯಂ ತನ್ನಷ್ಟಕ್ಕ ತಾನ ಒಡಕೊಂತ ಇರತೈತಿ. ಒಡದಾಗೊಮ್ಮೆ ನಾಕು ಮಂದಿ ಕೈ ಕೈ ಹಿಡಕೊಂಡು ಹೊರಗ ಬೀಳ್ತಾರ. ಎರಡು ಪ್ರೋಟಾನು, ಎರಡು ನ್ಯೂಟ್ರಾನು. ಅದ ಆಲ್ಫಾ ಕಣ."

"ಹೊರಗ ಬಿದ್ದು ಎಲ್ಲಿಗೆ ಹೋಗ್ತಾವ್ರಿ?"

"ದೂರ ಎಲ್ಲೂ ಹೋಗೂದಿಲ್ಲ. ನಾಕು ಬೆರಳು ಗಾಳಿ ದಾಟೂದ್ರಾಗ ದಣೀತಾವ. ನಿಂತಲ್ಲೇ ಎರಡು ಎಲೆಕ್ಟ್ರಾನು ಹಿಡಕೊಂಡು ಹೀಲಿಯಂ ಆಗಿಬಿಡ್ತಾವ. ಮ್ಯಾಲ ಹಾರೂ ಪುಗ್ಗಾದಾಗ ತುಂಬತಾರಲ್ಲ, ಅದ."

"ಅಂದ್ರ ನನ್ನ ಮೇಜಿನ ಮ್ಯಾಲ ಪುಗ್ಗಾದ ಗಾಳಿ ಹುಟ್ಟಾಕತ್ತೈತಿ ಅಂತಾತು" ಎಂದು ಅವನು ನಕ್ಕ. ಅಷ್ಟು ಚೆನ್ನಾಗಿ ಪಾಠ ಅರ್ಥಮಾಡಿಕೊಂಡ ವಿದ್ಯಾರ್ಥಿ ನನಗೆ ಆ ವರ್ಷ ಕಾಲೇಜಿನಲ್ಲಿ ಸಿಗಲಿಲ್ಲ. ನನಗೆ ಎರಡು ಕೋಡು ಮೂಡಿದವು. ಗೋಡೆಯ ಕ್ಯಾಲೆಂಡರಿನಿಂದ ಮೊದಲೇ ಹರಿದಿಟ್ಟುಕೊಂಡಿದ್ದ ಮುಗಿದ ತಿಂಗಳ ಹಾಳೆಯನ್ನು ಮುಳ್ಳಿಗೂ ಗಾಜಿಗೂ ನಡುವೆ ಹಿಡಿದೆ. ಚುಕ್ಕಿಗಳು ಒಮ್ಮೆಲೇ ನಿಂತುಹೋದವು. ತೆಗೆದೆ, ಮತ್ತೆ ಕುದಿದವು. "ನೋಡ್ರಿ, ಒಂದು ಕಾಗದ ಸಾಕು ಇವನ್ನ ತಡಿಯಾಕ" ಎಂದೆ.

ಆಗ ಗೌರಕ್ಕ ಕಂಬಳಿಯೊಳಗಿನಿಂದಲೇ ಕೇಳಿದಳು. "ಅಕ್ಕಾರ, ನೀವು ಓದಿದವರು. ಖರೆ ಹೇಳ್ರಿ. ಇದು ಬಾಯಾಗ ಹೋದ್ರ ಏನೂ ಆಗೂದಿಲ್ಲೇನು?"

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳಬಹುದಿತ್ತು. ಆದರೆ ಅರ್ಧ ತಾಸಿನಿಂದ ಎಲ್ಲ ಗೊತ್ತಿದ್ದವಳ ಹಾಗೆ ಮಾತಾಡಿದ ಬಾಯಿಗೆ ಆ ಮೂರು ಅಕ್ಷರ ಬರಲಿಲ್ಲ. "ಏನಾಗತೈತ್ರಿ? ಕಾಗದ ದಾಟಲಾರದ್ದು ಚರ್ಮ ಹೆಂಗ ದಾಟೀತು? ನೀವು ಸುಮ್ನ ಅಂಜತೀರಿ" ಎಂದೆ. ಅಲ್ಪವಿದ್ಯಾ ಮಹಾಗರ್ವಿ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

"ಕೇಳಿದೆಲ್ಲ?" ಎಂದು ಸಂಗಪ್ಪಣ್ಣ ಹೆಂಡತಿಯ ಕಡೆ ತಿರುಗಿದ. ಮರುದಿನ ಹಸಿ ಅರಿವೆಯ ಬಟ್ಟಲು ಅಡುಗೆ ಮನೆಗೆ ಹೋಯಿತು. ಬ್ರಶ್ಶು ತುಟಿಗೆ ಮರಳಿತು. ಓದಿದವರ ಮಾತು ಬಂದ ಮೇಲೆ ಗೌರಕ್ಕನದೇನು ನಡೆಯುತ್ತದೆ.

ಸಂಕ್ರಾಂತಿಯ ರಜೆಗೆ ಬಾಗಲಕೋಟೆಗೆ ಬಂದಾಗ ನನಗೆ ಕಲಿಸಿದ ಹಳೆಯ ಗುರುಗಳನ್ನು ಕಾಣಲು ಹೋದೆ. ಎಳ್ಳು ಬೆಲ್ಲ ಕೊಟ್ಟು, ನನ್ನ ಪ್ರಯೋಗದ ಬಗ್ಗೆ ಜಂಬದಿಂದ ಹೇಳಿದೆ. ಅವರು ಖುಷಿಯಿಂದ ಕೇಳುತ್ತಿದ್ದವರು, ತುಟಿಗೆ ಬ್ರಶ್ ಹಚ್ಚುವ ಮಾತು ಬಂದದ್ದೇ ಕನ್ನಡಕ ತೆಗೆದು ಕೆಳಗಿಟ್ಟರು.

"ಶಾಂತಾ, ಅವಗ ಏನು ಹೇಳೀದಿ ನೀನು?"

"ಕಾಗದ ತಡಿತೈತಿ, ಅಂಜಬ್ಯಾಡ್ರಿ ಅಂದೀನ್ರಿ ಸರ್."

"ಹೊರಗಿದ್ರ ತಡಿತೈತಿ. ಒಳಗ ಹೋದ್ರ ತಡಿಯೂದು ಯಾವುದು? ಕಾಗದದಷ್ಟು ದಪ್ಪ ದಾಟಲಾರದ ಕಣ ತನ್ನ ಶಕ್ತಿ ಎಲ್ಲಾ ಅಷ್ಟರಾಗ ಸುರೀತೈತಿ. ಒಳಗ ಆ ಕಾಗದದ ಜಾಗಾದಾಗ ಜೀವ ಇರತೈತಿ ತಂಗಿ. ರೇಡಿಯಂ ಸುಣ್ಣದ ಜಾತೀದು, ಸೀದಾ ಎಲಬಿಗೆ ಹೋಗಿ ಕೂಡತೈತಿ. ಅಲ್ಲೇ ಕೂತು ಸಾಯೂತನಕ ಹೊಡೀತೈತಿ. ಪರದೇಶದಾಗ ಹಿಂಗ ಬ್ರಶ್ ನೆಕ್ಕಿದ ಹೆಣಮಕ್ಕಳ ದವಡಿ ಕೊಳತು ಸತ್ತಾರ. ಹೋದಕೂಡ್ಲೆ ಹೇಳು."

"ಹೇಳ್ತೀನ್ರಿ" ಎಂದೆ. ಬಸ್ಸಿನಲ್ಲಿ ಇಳಕಲ್ಲಿನವರೆಗೂ ಹೇಗೆ ಹೇಳಬೇಕೆಂದು ಮನಸ್ಸಿನಲ್ಲೇ ಪಾಠ ಮಾಡಿಕೊಂಡೆ.

ಹೇಳಲಿಲ್ಲ. ಯಾಕೆ ಎಂದು ನನ್ನನ್ನು ನಾನೇ ಇಷ್ಟು ವರ್ಷ ಕೇಳಿದ್ದೇನೆ. ಫೆಬ್ರುವರಿಯಲ್ಲಿ ಬಾದಾಮಿಯಲ್ಲಿ ವಿಜ್ಞಾನ ಪ್ರದರ್ಶನವಿತ್ತು. ನಮ್ಮ ಕಾಲೇಜಿನಿಂದ ಆಲ್ಫಾ ಕಣದ ಪ್ರಯೋಗ ಹೋಗುವುದೆಂದು ಪ್ರಾಚಾರ್ಯರು ಆಗಲೇ ಹೆಸರು ಕೊಟ್ಟಿದ್ದರು, ಅಲ್ಲಿ ಬಣ್ಣ ಹಚ್ಚಿ ತೋರಿಸಬೇಕಿದ್ದ ಸಂಗಪ್ಪಣ್ಣ ಹೊಸ ಧೋತರ ತಂದಿಟ್ಟಿದ್ದ. ಈಗ ಹೇಳಿದರೆ ಎಲ್ಲ ನಿಲ್ಲುತ್ತದೆ. ಅದಕ್ಕಿಂತ ಹೆಚ್ಚಾಗಿ, ನಾನು ತಪ್ಪು ಹೇಳಿದ್ದೆ ಎಂದು ಗೌರಕ್ಕನ ಮುಂದೆ ಒಪ್ಪಿಕೊಳ್ಳಬೇಕಿತ್ತು. ಶಾಲೆಯ ಮೆಟ್ಟಿಲು ಹತ್ತದ ಅವಳಿಗೆ ತಿಳಿದದ್ದು ಎಂ.ಎಸ್ಸಿ. ಮಾಡಿದ ನನಗೆ ತಿಳಿಯಲಿಲ್ಲ ಎಂದು. ಒಂದು ತಿಂಗಳಲ್ಲಿ ಏನಾಗುತ್ತದೆ, ಪ್ರದರ್ಶನ ಮುಗಿಯಲಿ ಎಂದುಕೊಂಡೆ. ಬಾಯಲ್ಲಿ ಬಿಸಿ ತುಪ್ಪ, ಉಗುಳಲೂ ಆಗಲಿಲ್ಲ, ನುಂಗಲೂ ಆಗಲಿಲ್ಲ. ಪಡಸಾಲೆಯಲ್ಲಿ ಹಾದುಹೋಗುವಾಗ ಅವನ ಮೇಜಿನ ಕಡೆ ನೋಡುವುದನ್ನು ಮಾತ್ರ ಬಿಟ್ಟೆ.

ಬಾದಾಮಿಯ ಆ ದಿನ ಇವತ್ತಿಗೂ ನನಗೆ ಬಿಸಿಲಿನ ಸಮೇತ ನೆನಪಿದೆ. ಕೆಂಪು ಗುಡ್ಡದ ಕಾವು ಶಾಲೆಯ ಅಂಗಳಕ್ಕೆ ಇಳಿಯುತ್ತಿತ್ತು. ಒಂದು ಕೋಣೆಯ ಮೂಲೆಗೆ ಕರಿಯ ಕಂಬಳಿ ಕಟ್ಟಿ ಗುಡಿಸಲು ಮಾಡಿದ್ದೆವು. ಹೊರಗೆ ಮೇಜಿನ ಮುಂದೆ ಸಂಗಪ್ಪಣ್ಣ ಹೊಸ ಧೋತರದಲ್ಲಿ ಕೂತು ಗಡಿಯಾರಕ್ಕೆ ಬಣ್ಣ ಹಚ್ಚಿ ತೋರಿಸುತ್ತಿದ್ದ, ಒಳಗೆ ಹುಡುಗರು ಚುಕ್ಕಿ ತೋರಿಸುತ್ತಿದ್ದರು. ಮಂದಿ ಸಾಲು ಹಚ್ಚಿ ನಿಂತಿದ್ದರು. ಬಹುಮಾನ ಕೊಡಲು ಬಂದಿದ್ದ ಸಾಹೇಬರು ಎಲ್ಲ ನೋಡಿ ಹೊರಬಂದು, "ರೇಡಿಯಂ ಅಂದ್ರ ಅಪಾಯ ಅಂತಾರಲ್ರಿ?" ಎಂದು ಕೇಳಿದರು. ಕೇಳಿದ್ದು ನನ್ನನ್ನು.

ನಾನು ಬಾಯಿ ತೆರೆಯುವ ಮೊದಲೇ ಸಂಗಪ್ಪಣ್ಣ ಎದ್ದು ಕೈಮುಗಿದ. "ಏನೂ ಇಲ್ರಿ ಸಾಹೇಬ್ರ. ಒಂದು ಕಾಗದ ದಾಟಲಾರದಂಥಾ ಬಡಪಾಯಿ ಇದು. ನಮ್ಮ ಅಕ್ಕಾರು ಲೆಕ್ಕಾ ಮಾಡಿ ತೋರಿಸ್ಯಾರ. ನೋಡ್ರಿ ಬೇಕಾರ" ಎನ್ನುತ್ತ ಬ್ರಶ್ಶನ್ನು ಬಣ್ಣದಿಂದ ತೆಗೆದು, ಎಲ್ಲರ ಮುಂದೆ ತುಟಿಗಳ ನಡುವೆ ಇಟ್ಟು ಚೂಪು ಮಾಡಿ, ಗಡಿಯಾರದ ಮುಖದ ಮೇಲೆ ಒಂದು ನಾಲ್ಕು ಬರೆದ. ಸಾಹೇಬರು ನಕ್ಕರು. ಸುತ್ತ ನಿಂತವರು ಚಪ್ಪಾಳೆ ತಟ್ಟಿದರು. ಸಂಗಪ್ಪಣ್ಣ ನನ್ನ ಕಡೆ ನೋಡಿದ, ಸರಿಯಾಗಿ ಹೇಳಿದೆನೋ ಇಲ್ಲವೋ ಎಂದು ಗುರುವಿನ ಮುಖ ನೋಡುವ ಹಾಗೆ. ನಾನು ತಲೆಯಾಡಿಸಿದೆ. ಸರಿ ಎಂದು ತಲೆಯಾಡಿಸಿದೆ. ಮೊದಲು ಆಡಿದ ಮಾತಿಗೆ ಅಜ್ಞಾನದ ನೆಪವಾದರೂ ಇತ್ತು, ಈ ತಲೆಯಾಡಿಸಿದ್ದಕ್ಕೆ ಯಾವ ನೆಪವೂ ಇಲ್ಲ. ನಮಗೆ ಮೊದಲ ಬಹುಮಾನ ಬಂತು.

ಆಮೇಲೆ ಪರೀಕ್ಷೆಗಳು ಬಂದವು, ಜೋಳದ ರಾಶಿಯ ದಿನಗಳು ಬಂದು ಹೋದವು, ಬಿಸಿಲು ಏರಿತು. ಏಪ್ರಿಲ್ ಕೊನೆಗೆ ನನ್ನ ವರ್ಷ ಮುಗಿಯಿತು. ಹೊರಡುವ ದಿನ ಸಂಗಪ್ಪಣ್ಣ ಟ್ರಂಕು ಹೊತ್ತುಕೊಂಡು ಬಸ್ಸಿನವರೆಗೆ ಬಂದ. ಬಸ್ಸು ಬಿಡುವಾಗ ಕಿಟಕಿಯಿಂದ ತಲೆ ಹೊರಹಾಕಿ, "ಸಂಗಪ್ಪಣ್ಣ, ಬ್ರಶ್ ಬಾಯಾಗ ಇಡೂದು ಒಂದೀಟು ಕಡಿಮಿ ಮಾಡ್ರಿ. ಯಾಕ ಬೇಕದು" ಎಂದೆ. ನಗುತ್ತ ಹೇಳಿದೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟೆ.

"ಅಯ್ಯ, ನೀವ ಹೇಳಿದ್ರಲ್ರಿ, ಕಾಗದ ಸಾಕು ಅಂತ" ಎಂದು ಅವನೂ ನಕ್ಕ. ಬಸ್ಸು ಹೊರಟಿತು. ಅವನ ಹಲ್ಲುಗಳು ಎಲೆ ಅಡಿಕೆಯಿಂದ ಕೆಂಪಾಗಿದ್ದವು, ಎಲ್ಲವೂ ಗಟ್ಟಿಯಾಗಿದ್ದವು.

ಬಾಗಲಕೋಟೆಯಲ್ಲೇ ಕೆಲಸ ಸಿಕ್ಕಿತು, ಮದುವೆಯಾಯಿತು. ಇಳಕಲ್ಲು ಬಸ್ಸಿನ ದಾರಿ ಅಷ್ಟೇ. ಮೂರು ಸಲ ಕಾಗದ ಬರೆದೆ. ಮೂರು ಸಲವೂ "ನಾವು ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ" ಎಂಬಲ್ಲಿಗೆ ಬಂದು ಹರಿದು ಹಾಕಿದೆ. ಎಂಬತ್ತಾರರಲ್ಲಿ ಇಳಕಲ್ಲಿನಿಂದ ಬಂದ ಒಬ್ಬ ವಿದ್ಯಾರ್ಥಿನಿ, ನಮ್ಮ ಓಣಿಯ ಗೌರಮ್ಮನ ಮನೆಯಲ್ಲಿ ನಿಮ್ಮ ಫೋಟೋ ಇದೆ ಮೇಡಂ ಎಂದಳು. ಸಂಗಪ್ಪಣ್ಣ ಹೇಗಿದ್ದಾರೆ ಎಂದೆ. "ಅವರು ಹೋಗಿ ಎರಡು ವರ್ಷಾತ್ರಿ. ದವಡಿ ಹುಣ್ಣಾಗಿತ್ತು" ಎಂದಳು.

ಮರುದಿನವೇ ಹೊರಟೆ. ಶಿರೂರು ದಾಟುವಾಗ ತಲೆಯಲ್ಲಿ ಒಂದೇ ಲೆಕ್ಕ. ರೇಡಿಯಂ ಅರ್ಧವಾಗಲು ಸಾವಿರದಾರುನೂರು ವರ್ಷ ಬೇಕು. ಅವರ ಮನೆತನದಲ್ಲಿ ಸುಡುವುದಿಲ್ಲ, ಹೂಳುತ್ತಾರೆ. ಅವನ ಎಲುಬಿಗೆ ಹೋಗಿ ಕೂತದ್ದು ಇನ್ನೂ ನಾಲ್ಕು ನಾಲ್ಕು ಮಂದಿಯನ್ನು ಕೈ ಹಿಡಿಸಿ ಹೊರಗೆ ಕಳಿಸುತ್ತಲೇ ಇದೆ. ಸುತ್ತಲಿನ ಮಣ್ಣು ಅವನ್ನು ತಡೆಯುತ್ತದೆ. ನಾನು ಹೇಳಿದ್ದರಲ್ಲಿ ಅಷ್ಟು ಮಾತ್ರ ಖರೆ.

ಗೌರಕ್ಕ ಮಗ್ಗದಲ್ಲೇ ಇದ್ದಳು. ಬಾಗಿಲ ಪಕ್ಕದ ಮೇಜು ಇರಲಿಲ್ಲ. ಗೋಡೆಯ ಮೇಲೆ ಬಾದಾಮಿಯ ಬಹುಮಾನದ ಫೋಟೋ, ಅದಕ್ಕೆ ಹೂವು ಏರಿಸಿದ್ದಳು. ನನ್ನನ್ನು ಕಂಡು ಎದ್ದು ಬಂದು ಕೈ ಹಿಡಿದಳು. ಮೊದಲು ಕೆಳಗಿನ ಹಲ್ಲು ಅಲುಗಾಡಿದ್ದು, ಕಿತ್ತ ಜಾಗ ಮಾಯದೆ ಉಳಿದದ್ದು, ಆಮೇಲೆ ದವಡೆ ಬಾತದ್ದು, ಎಲ್ಲ ಹೇಳಿದಳು.

"ದೊಡ್ಡ ದವಾಖಾನಿಗೆ ಕರಕೊಂಡು ಹೋಗಿದ್ದೆ. ಏನು ಕೆಲಸ ಮಾಡ್ತಾರ ಅಂತ ಡಾಕ್ಟರು ಕೇಳಿದ್ರು. ಗಡಿಯಾರಕ್ಕ ಬಣ್ಣ ಹಚ್ಚತಾರ್ರಿ, ಆದ್ರ ಅದರಿಂದ ಏನೂ ಆಗೂದಿಲ್ಲ, ನಮ್ಮ ಮನ್ಯಾಗಿದ್ದ ಕಾಲೇಜಿನ ಅಕ್ಕಾರು ನೋಡಿ ಹೇಳ್ಯಾರ ಅಂದೆ. ಹಂಗಾರ ತಂಬಾಕ ತಿಂತಾರೇನು ಅಂದ್ರು. ಹೂಂ ಅಂದೆ. ಅದ ಅಂತ ಬರಕೊಂಡ್ರು."

ನನ್ನ ಮಾತು ನನಗಿಂತ ಮುಂಚೆ ದವಾಖಾನೆಗೂ ಹೋಗಿತ್ತು. ಕೂತಲ್ಲೇ ಅತ್ತುಬಿಟ್ಟೆ. ಅಳುತ್ತಲೇ ಎಲ್ಲ ಹೇಳಿದೆ. ಕಂಬಳಿಯೊಳಗೆ ಗೊತ್ತಿಲ್ಲದೆ ಹೇಳಿದ್ದು, ಸಂಕ್ರಾಂತಿಗೆ ಗೊತ್ತಾದದ್ದು, ಬಾದಾಮಿಯಲ್ಲಿ ತಲೆಯಾಡಿಸಿದ್ದು, ಬಸ್ಸಿನಿಂದ ಅರ್ಧ ಹೇಳಿದ್ದು. "ನಾ ಅವತ್ತ ಹೇಳಬೇಕಿತ್ತು ಗೌರಕ್ಕ. ನೀವು ಮಾಡಿದ್ದ ಬರೋಬ್ಬರಿ ಇತ್ತು. ಕೆಡಿಸಿದಾಕಿ ನಾನು" ಎಂದೆ. ಬೈಯಲಿ ಎಂದು ಕಾದೆ. ಬೈದರೆ ಹಗುರಾಗುತ್ತದೆ ಎಂಬ ಆಸೆಯೂ ಇತ್ತು, ಅದನ್ನೂ ಮುಚ್ಚಿಡುವುದಿಲ್ಲ.

ಗೌರಕ್ಕ ಕೇಳಿದ್ದು ಒಂದೇ ಮಾತು. "ಹಂಗಾರ ತಂಬಾಕಿನಿಂದ ಅಲ್ಲೇನ್ರಿ ಅಕ್ಕಾರ?"

ಅದೇ ಪಡಸಾಲೆ, ಅದೇ ಹೆಂಗಸು, ಅಂಥದೇ ಪ್ರಶ್ನೆ. "ನನಗ ಗೊತ್ತಿಲ್ಲ, ಗೌರಕ್ಕ" ಎಂದೆ. "ಬಣ್ಣದಿಂದ ಇರಬಹುದು. ತಂಬಾಕಿನಿಂದನೂ ಇರಬಹುದು. ಗೊತ್ತಿಲ್ಲ." ಆ ಮನೆಯಲ್ಲಿ ನಾನು ಈ ಮಾತು ಆಡಿದ್ದು ಅದೇ ಮೊದಲ ಸಲ.

ಅವಳು ಎದ್ದು ಒಳಗೆ ಹೋಗಿ, ಜೋಳದ ಗಡಿಗೆಯ ಹಿಂದೆ ಕೈಹಾಕಿ ಏನೋ ತಂದಳು. ಸಂಗಪ್ಪಣ್ಣನ ಚಂಚಿ. ಮಡಿಲಲ್ಲಿಟ್ಟುಕೊಂಡು ಕೂತಳು.

"ಕಡೀಕ ಅಂಬಲಿ ಸೈತ ಇಳೀತಿರಲಿಲ್ಲ. ಒಂದು ಚಿಟಿಕಿ ತಂಬಾಕ ಕೊಡು ಗೌರಾ, ಬಾಯಾಗ ಇಟ್ಟುಕೊಂಡು ಸುಮ್ನ ಮಲಗತೇನಿ ಅಂತ ಕೈ ಒಡ್ಡತಿದ್ರು. ಇದ ನಿಮ್ಮನ್ನ ತಿಂದೈತಿ, ಕೊಡಂಗಿಲ್ಲ ಅಂತ ಬೈದು ಮುಚ್ಚಿಟ್ಟೆ. ದಿನಾ ಬೈದೆ. ಬೈಸಿಕೊಂತನ ಹೋದ್ರು."

ಚಂಚಿಯ ದಾರ ಬಿಚ್ಚಲು ನೋಡಿದಳು. ಗಂಟು ಬಿಗಿದುಹೋಗಿತ್ತು. ಎಳೆಯ ತುದಿ ಕೆದರಿದ್ದನ್ನು ತುಟಿಗೆ ಹಚ್ಚಿ, ಹೊಸೆದು, ನಿಧಾನವಾಗಿ ಬಿಚ್ಚಿದಳು. ಒಳಗಿನ ತಂಬಾಕು ಒಣಗಿ ಪುಡಿಯಾಗಿತ್ತು. ನನ್ನ ಭಾರ ಇಳಿಸಿಕೊಳ್ಳಲು ಬಂದವಳು ಅದನ್ನು ಅವಳ ಮಡಿಲಿಗೆ ಸುರಿದಿದ್ದೆ.

ಸಂಜೆಯ ಬಸ್ಸಿಗೆ ಹೊರಟಾಗ ಬಾಗಿಲವರೆಗೆ ಬಂದಳು. "ಹೇಳಿದ್ದು ಚಲೋ ಆತ್ರಿ" ಎಂದಳು. ಓಣಿಯ ತಿರುವಿನಲ್ಲಿ ಹಿಂತಿರುಗಿ ನೋಡಿದೆ. ಅವಳು ಇನ್ನೂ ಹೊಸ್ತಿಲಲ್ಲೇ ನಿಂತಿದ್ದಳು, ಒಂದು ಚಿಟಿಕೆ ತಂಬಾಕನ್ನು ಬೆರಳ ನಡುವೆ ಹಿಡಿದುಕೊಂಡು.